ಮಲೆನಾಡಿನ ಜ್ವರಗಳು: ನಿದಾನ ಚಿಕಿತ್ಸೆಗಳ ಇತಿಹಾಸ

ಸಹ್ಯಾದ್ರಿಯ ಮಡಿಲಿನಲ್ಲಿರುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳು ತುಂಗಾ ಭದ್ರಾ ನದಿಗಳ ನೀರಿನಿಂದ ಪುಷ್ಟಿಗೊಂಡ ಪ್ರಾಂತವೆಂಬುದು ಸರ್ವರಿಗೂ ವಿದಿತವೇ ಆಗಿದೆ. ತುಂಗಾತೀರದಲ್ಲಿ ಶೃಂಗೇರಿಯೂ, ಭದ್ರಾತೀರದಲ್ಲಿ ರಂಭಾಪುರಿ ಪೀಠವಿರುವ ಬಾಳೆಹೊನ್ನೂರೂ ನೆಲಸಿವೆ. ಮಳೆಯ ದೇವರೆಂದು ಜನರು ನಂಬಿ ನಡೆದುಕೊಳ್ಳುವ ಋಷ್ಯಶೃಂಗೇಶ್ವರನ ಕಿಗ್ಗವೂ, ಅದರ ಸಮೀಪದಲ್ಲಿಯೇ ಬಂಡೆಯಿಂದ ಬಂಡೆಗೆ ಧುಮುಕುವ ಸಿರಿಮನೆಯ ಜಲಪಾತವೂ ಇಲ್ಲಿಯವೇ. ಅಡಕೆ, ಏಲಕ್ಕಿ, ಮೆಣಸು, ಕಾಫಿ, ಭತ್ತ ಇವುಗಳಿಂದ ಈ ನಾಡು ಸಿರಿವಂತವೆನಿಸಿದೆ. ಆದರೆ ಇಷ್ಟು ಸಂಪತ್ತಿದ್ದ ಈ ನಾಡಿಗೆ ಬಯಲುಸೀಮೆಯವರು ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಅದಕ್ಕೆ ಕಾರಣವು ಬಡತನವಲ್ಲ, ಜ್ವರ.

ಯಾವ ನೀರು ಅಡಕೆಯ ತೋಟವನ್ನು ಬೆಳೆಸಿತೋ ಆ ನೀರೇ ಜ್ವರವನ್ನೂ ಬೆಳೆಸಿತು. ಈ ಜ್ವರಗಳನ್ನು ಗುರುತಿಸುವುದಕ್ಕೂ ಗುಣಪಡಿಸುವುದಕ್ಕೂ ನಮ್ಮ ಹಿರಿಯರೂ, ನಾಡವೈದ್ಯರೂ, ತರುವಾಯ ಬಂದ ಡಾಕ್ಟರರೂ ಏನೇನು ಮಾಡಿದರು, ಎಲ್ಲಿ ಗೆದ್ದರು, ಎಲ್ಲಿ ಎಡವಿದರು ಎಂಬ ವೃತ್ತಾಂತವು ಮನೆಮನೆಯ ಕ್ಷೇಮಕ್ಕೆ ಸಂಬಂಧಪಟ್ಟದ್ದಾದುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಪ್ರಾಚೀನ ವೈದ್ಯವಾಙ್ಮಯ

ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆಯು ಬಹು ಹಳೆಯದು. 12ನೆಯ ಶತಮಾನದಲ್ಲಿ ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು ಹಸುಗಳ ರೋಗಗಳನ್ನು ಕುರಿತು ಗೋವೈದ್ಯವನ್ನೂ, ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನೂ ರಚಿಸಿದರು. 14ನೆಯ ಶತಮಾನದಲ್ಲಿ ಒಂದನೆಯ ಮಂಗರಾಜನು ವಿಷಚಿಕಿತ್ಸೆಗೆ ಮೀಸಲಾದ ಖಗೇಂದ್ರಮಣಿದರ್ಪಣವನ್ನು ಬರೆದನು.

ವೀರಶೈವರೂ ಈ ಶಾಸ್ತ್ರಕ್ಕೆ ಸಲ್ಲಿಸಿರುವ ಸೇವೆಯು ಅಲ್ಪವಾದುದಲ್ಲ. ಬಸವಾದಿ ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದನು. ವೈದ್ಯವೇ ಅವನ ಕಾಯಕ. ನಾಡಿ, ವ್ಯಾಧಿ, ಔಷಧ, ಪಥ್ಯ ಎಂಬ ತನ್ನ ವೃತ್ತಿಯ ಮಾತುಗಳನ್ನೇ ಅವನು ವಚನಗಳಲ್ಲಿ ಭವರೋಗದ ವಿಚಾರಕ್ಕೆ ಬಳಸಿದನು. ವೀರಶೈವನಾದ ಬಸವರಾಜನೆಂಬ ಪಂಡಿತನು ರಚಿಸಿದ ಬಸವರಾಜೀಯವು ದಕ್ಷಿಣದೇಶದ ವೈದ್ಯರಿಗೆ ಕೈಗನ್ನಡಿಯಂತಿದ್ದ ಗ್ರಂಥ. ಅದರಲ್ಲಿ ನಾಡೀಪರೀಕ್ಷೆಗೆ ಸಂದಿರುವ ಪ್ರಾಶಸ್ತ್ಯವು ವಿಶೇಷವಾದದ್ದು. ಮಲೆನಾಡನ್ನು ಆಳಿದ ಕೆಳದಿಯ ಅರಸರಲ್ಲಿ ಬಸವಪ್ಪನಾಯಕನು 1709ರಲ್ಲಿ ಶಿವತತ್ತ್ವರತ್ನಾಕರವೆಂಬ ಮಹಾಕೋಶವನ್ನು ಸಂಸ್ಕೃತದಲ್ಲಿ ರಚಿಸಿದನು. ಸಕಲ ವಿದ್ಯೆಗಳನ್ನೂ ಒಳಗೊಂಡ ಆ ಕೋಶದಲ್ಲಿ ಆಯುರ್ವೇದಕ್ಕೂ ಸ್ಥಾನವಿದೆ. ಹೀಗೆ ಗ್ರಂಥಗಳಲ್ಲಿದ್ದ ವಿದ್ಯೆಯು ಗುರುವಿನಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ ಇಳಿದುಬಂದು ಹಳ್ಳಿಯ ಪಂಡಿತನ ಕೈ ಸೇರಿತು.

ಪಂಡಿತನ ಪರೀಕ್ಷಾಕ್ರಮ

ಹಳೆಯ ಪಂಡಿತನಿಗೆ ಯಂತ್ರಗಳಿರಲಿಲ್ಲ. ನಾಡಿ, ಮೂತ್ರ, ಮಲ, ಜಿಹ್ವೆ, ಶಬ್ದ, ಸ್ಪರ್ಶ, ದೃಷ್ಟಿ, ಆಕೃತಿ ಎಂಬ ಎಂಟು ಸ್ಥಾನಗಳನ್ನು ಪರೀಕ್ಷಿಸಿ ಅವನು ರೋಗವನ್ನು ನಿರ್ಣಯಿಸುತ್ತಿದ್ದನು. ಇದನ್ನು ಅಷ್ಟಸ್ಥಾನಪರೀಕ್ಷೆಯೆಂದು ಕರೆಯುತ್ತಾರೆ. ಮೂತ್ರವು ಹಳದಿಗಟ್ಟಿದ್ದು ಕಣ್ಣಿನ ಬಿಳಿಯ ಭಾಗವೂ ಹಳದಿಯಾಗಿದ್ದರೆ ಕಾಮಾಲೆ, ನಾಲಗೆಯೂ ಉಗುರೂ ಬಿಳಿಚಿಕೊಂಡಿದ್ದರೆ ಪಾಂಡು, ಉಸಿರಿನ ಶಬ್ದವು ಕೆಟ್ಟಿದ್ದರೆ ಕಾಸಶ್ವಾಸ ಎಂದು ಅವನು ಹೇಳುತ್ತಿದ್ದುದು ಊಹೆಯಿಂದಲ್ಲ, ಅನೇಕ ರೋಗಿಗಳನ್ನು ನೋಡಿ ಪಡೆದ ಅನುಭವದಿಂದ. ಇಂದಿನ ಡಾಕ್ಟರನೂ ರೋಗಿಯ ರೆಪ್ಪೆಯನ್ನು ಕೆಳಕ್ಕೆಳೆದು ರಕ್ತವೆಷ್ಟಿದೆಯೆಂದು ನೋಡುತ್ತಾನೆ, ನಾಲಗೆಯನ್ನು ಚಾಚಿಸುತ್ತಾನೆ, ಮುಂಗೈ ಹಿಡಿಯುತ್ತಾನೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನು ಸ್ಟೆತಾಸ್ಕೋಪನ್ನು ಕಂಡುಹಿಡಿದ ಮೇಲೆ ಶಬ್ದಪರೀಕ್ಷೆಯು ಸೂಕ್ಷ್ಮವಾಯಿತು. ಜ್ವರಮಾಪಕವು ಬಂದ ಮೇಲೆ ಸ್ಪರ್ಶಪರೀಕ್ಷೆಗೆ ಅಂಕಿಯು ದೊರೆಯಿತು. ನೋಡುವ, ಮುಟ್ಟುವ, ಕೇಳುವ, ಪ್ರಶ್ನಿಸುವ ಕ್ರಮವು ಮಾತ್ರ ಹಾಗೆಯೇ ಉಳಿದಿದೆ.

ಜ್ವರದ ವಿಷಯದಲ್ಲಿ ಪ್ರಾಚೀನರ ವಿವೇಚನೆಯು ಆಶ್ಚರ್ಯಕರವಾದುದು. ಬಿಟ್ಟುಬಿಟ್ಟು ಬರುವ ಜ್ವರಕ್ಕೆ ಅವರು ವಿಷಮಜ್ವರವೆಂದು ಹೆಸರಿಟ್ಟು ಅದರಲ್ಲಿ ಸಂತತ, ಸತತ, ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕ ಎಂದು ಐದು ಭೇದಗಳನ್ನು ಮಾಡಿದರು. ಒಂದು ದಿನ ಬಂದು, ಮರುದಿನ ಬಿಟ್ಟು, ಮೂರನೆಯ ದಿನ ಮತ್ತೆ ಬರುವುದು ತೃತೀಯಕ. ನಡುವೆ ಎರಡು ದಿನ ಬಿಟ್ಟು ನಾಲ್ಕನೆಯ ದಿನ ಬರುವುದು ಚತುರ್ಥಕ. ಮಲೇರಿಯಾ ಕ್ರಿಮಿಗಳಲ್ಲಿ ಒಂದು ಜಾತಿಯು 48 ಗಂಟೆಗೊಮ್ಮೆಯೂ ಮತ್ತೊಂದು ಜಾತಿಯು 72 ಗಂಟೆಗೊಮ್ಮೆಯೂ ರಕ್ತಕಣಗಳನ್ನು ಒಡೆದು ಹೊರಬರುವುದರಿಂದ ಜ್ವರಕ್ಕೆ ಈ ಲೆಕ್ಕವು ಬರುತ್ತದೆಯೆಂದು ಈಚಿನ ಶಾಸ್ತ್ರವು ತಿಳಿಸಿದೆ. ಹಳಬರಿಗೆ ಕ್ರಿಮಿಯು ಕಾಣದಿದ್ದರೂ ಅದರ ಹೆಜ್ಜೆಯ ಗುರುತು ಕಂಡಿತ್ತು.

ಮನೆಯ ಮದ್ದು

ಪಂಡಿತನು ಬರುವುದಕ್ಕೆ ಮುಂಚೆ ಮನೆಯ ಹಿರಿಯ ಹೆಂಗಸೇ ವೈದ್ಯಳು. ನೆಗಡಿ ಕೆಮ್ಮುಗಳಿಗೆ ಜೀರಿಗೆ, ಕೊತ್ತಂಬರಿ, ಮೆಣಸು, ಶುಂಠಿಗಳ ಕಷಾಯ, ಮಕ್ಕಳ ಶೀತಕ್ಕೆ ದೊಡ್ಡಪತ್ರೆಯ ರಸ, ಬಾಯಿ ರುಚಿ ಕೆಟ್ಟರೆ ಒಂದೆಲಗದ ತಂಬುಳಿ, ಪಿತ್ತಕ್ಕೆ ಪುನರ್ಪುಳಿಯ ಪಾನಕ, ಜ್ವರಕ್ಕೆ ಅಮೃತಬಳ್ಳಿ ಮತ್ತು ನೆಲಬೇವು, ಭೇದಿಗೆ ದಾಳಿಂಬೆಯ ಸಿಪ್ಪೆ, ಇವು ಹಿತ್ತಿಲಿನಲ್ಲಿಯೇ ದೊರೆಯುತ್ತಿದ್ದ ಔಷಧಗಳು. ತಾನಾಗಿಯೇ ಇಳಿಯತಕ್ಕ ನೆಗಡಿ, ಅಜೀರ್ಣ ಮೊದಲಾದವುಗಳಲ್ಲಿ ಇವು ರೋಗಿಗೆ ಹಿತವನ್ನುಂಟುಮಾಡಿ, ಮೈಗೆ ನೀರನ್ನೂ ಮನಸ್ಸಿಗೆ ಧೈರ್ಯವನ್ನೂ ಒದಗಿಸುತ್ತಿದ್ದವು.

ರಕ್ತಭೇದಿಗೆ ಕೊಡಸಿಗದ ತೊಗಟೆಯನ್ನು ಕೊಡುತ್ತಿದ್ದುದು ಬಹು ಪ್ರಾಚೀನವಾದ ಪದ್ಧತಿ. ಗ್ರಂಥಗಳಲ್ಲಿ ಕುಟಜವೆಂದು ಹೆಸರಾದ ಈ ತೊಗಟೆಯನ್ನು ಪಾಶ್ಚಾತ್ಯ ಪದ್ಧತಿಯ ವೈದ್ಯರೂ ಕುರ್ಚಿ ಎಂಬ ಹೆಸರಿನಿಂದ ಒಂದು ಕಾಲದಲ್ಲಿ ಉಪಯೋಗಿಸಿದರು. ಆದರೆ ಮನೆಯ ಮದ್ದಿಗೂ ಅಪಾಯವಿಲ್ಲದಿಲ್ಲ. ಆಷಾಢದ ಅಮಾವಾಸ್ಯೆಯ ಬೆಳಗಿನ ಜಾವದಲ್ಲಿ ಹಾಲೆಮರದ ತೊಗಟೆಯ ಕಷಾಯವನ್ನು ಕುಡಿಯುವ ಆಚಾರವು ತುಳುನಾಡಿನಲ್ಲಿಯೂ ಅದಕ್ಕೆ ಹೊಂದಿದ ಘಟ್ಟದ ಕಡೆಯಲ್ಲಿಯೂ ಉಂಟು. ಕತ್ತಲೆಯಲ್ಲಿ ಮರವನ್ನು ಗುರುತಿಸದೆ ಕಾಸರಕದ ತೊಗಟೆಯನ್ನು ಕೆತ್ತಿ ತಂದರೆ ಅದರಲ್ಲಿರುವ ವಿಷವು ಪ್ರಾಣವನ್ನೇ ತೆಗೆಯುತ್ತದೆ. ರೋಗವನ್ನು ತಪ್ಪಾಗಿ ಗುರುತಿಸುವುದು ಎಷ್ಟು ಹಾನಿಕರವೋ ಮದ್ದನ್ನು ತಪ್ಪಾಗಿ ಗುರುತಿಸುವುದೂ ಅಷ್ಟೇ ಹಾನಿಕರವಾದುದು.

ಅತಿಸಾರದಲ್ಲಿ ಮತ್ತೊಂದು ದೋಷವು ಬೇರೂರಿತ್ತು. ಕುಡಿದದ್ದೆಲ್ಲವೂ ಭೇದಿಯಾಗಿ ಹೋಗುತ್ತದೆಂದು ತಿಳಿದು ಮಗುವಿಗೆ ನೀರನ್ನೇ ನಿಲ್ಲಿಸುತ್ತಿದ್ದರು. ಅತಿಸಾರದಲ್ಲಿ ಮಗುವು ಸಾಯುವುದು ಬಹುಮಟ್ಟಿಗೆ ಮೈಯ ನೀರೂ ಉಪ್ಪೂ ಬತ್ತುವುದರಿಂದಲೇ ಆದುದರಿಂದ ಈ ಪಥ್ಯವು ರೋಗಕ್ಕಿಂತ ಕ್ರೂರವಾಗಿತ್ತು. ಗಂಜಿಯ ತಿಳಿಗೆ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿದ್ದ ತಾಯಂದಿರು ತಮಗರಿವಿಲ್ಲದೆಯೇ ಸರಿಯಾದ ದಾರಿಯನ್ನು ಹಿಡಿದಿದ್ದರು. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಎಂಬುವರು ಉಪ್ಪು ಸಕ್ಕರೆಗಳ ದ್ರಾವಣವನ್ನು ಬಾಯಿಯಿಂದಲೇ ಕುಡಿಸಿ ಅಸಂಖ್ಯಾತ ಜೀವಗಳನ್ನು ಉಳಿಸಿದರು. ಒಂದು ಲೀಟರು ಶುದ್ಧವಾದ ನೀರಿಗೆ ಮಟ್ಟವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಇದು ಯಾವ ಮನೆಯಲ್ಲಿಯೂ ಸಿದ್ಧಪಡಿಸಬಹುದಾದ ಔಷಧ. ಔಷಧಾಲಯದ ಓಆರ್‌ಎಸ್ ಪೊಟ್ಟಣವು ದೊರೆತರೆ ಅದು ಇನ್ನೂ ಉತ್ತಮ.

ಪಾಂಡುರೋಗ

ಮಳೆಗಾಲದಲ್ಲಿ ಬರಿಗಾಲಿನಿಂದ ಗದ್ದೆ ತೋಟಗಳಲ್ಲಿ ದುಡಿಯುವವರಲ್ಲಿ ಕಂಡುಬರುತ್ತಿದ್ದ ಮತ್ತೊಂದು ವ್ಯಾಧಿಯು ಪಾಂಡು. ಮುಖ ಬಿಳಿಚುವುದು, ನಾಲ್ಕು ಹೆಜ್ಜೆ ಏರಿದರೆ ಏದುಸಿರು, ಕಾಲು ಊದುವುದು ಇದರ ಲಕ್ಷಣಗಳು. ಮಣ್ಣು ತಿನ್ನುವುದರಿಂದ ಪಾಂಡು ಬರುತ್ತದೆಂದು ಆಯುರ್ವೇದವು ಹೇಳಿ, ಮಂಡೂರ ಮತ್ತು ಲೋಹಭಸ್ಮಗಳನ್ನು ವಿಧಿಸಿತು. ಕಬ್ಬಿಣವೇ ಮದ್ದೆಂಬುದನ್ನು ಈಗಿನ ಶಾಸ್ತ್ರವೂ ಒಪ್ಪುತ್ತದೆ. ಮಣ್ಣಿನ ಸಂಬಂಧವನ್ನೂ ಒಪ್ಪುತ್ತದೆ, ಆದರೆ ಬೇರೊಂದು ರೀತಿಯಲ್ಲಿ. ಮಲದಿಂದ ಕೆಟ್ಟ ಒದ್ದೆ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನು ತೂರಿ ಒಳಹೊಕ್ಕು ಕರುಳನ್ನು ಸೇರಿ ರಕ್ತವನ್ನು ಹೀರುತ್ತವೆ. ಹುಳುವನ್ನು ಕಳೆಯದೆ ಕಬ್ಬಿಣವೊಂದನ್ನೇ ಕೊಟ್ಟರೆ ತೂತಾದ ಕೊಡಕ್ಕೆ ನೀರು ಹೊಯ್ದಂತಾಗುತ್ತದೆ. ಶೌಚಗೃಹ, ಕಾಲಿಗೆ ಮೆಟ್ಟು, ಹುಳುವಿನ ಮಾತ್ರೆ, ಕಬ್ಬಿಣದ ಮಾತ್ರೆ ಇವು ನಾಲ್ಕೂ ಕೂಡಿದಲ್ಲಿ ಈ ಬಗೆಯ ಪಾಂಡುವು ತೊಲಗುತ್ತದೆ.

ಮಲೆನಾಡಿನ ಚಳಿಜ್ವರ

ಆದರೂ ಮಲೆನಾಡನ್ನು ಬರಿದು ಮಾಡಿದ್ದು ಚಳಿಜ್ವರವೇ. ಗಡಗಡನೆ ನಡುಗಿಸುವ ಚಳಿ, ಆಮೇಲೆ ಕಾವು, ಕಡೆಗೆ ಬೆವರು, ಬಳಿಕ ಏನೂ ಆಗದವನಂತೆ ರೋಗಿಯು ಎದ್ದು ಕೂರುವುದು, ಒಂದೆರಡು ದಿನ ಬಿಟ್ಟು ಮತ್ತೆ ಅದೇ ಕಷ್ಟ. ವರ್ಷಗಟ್ಟಲೆ ಇದಕ್ಕೆ ಸಿಕ್ಕಿದವರ ಹೊಟ್ಟೆಯ ಎಡಭಾಗದಲ್ಲಿ ಗುಲ್ಮವು ಊದಿ ಕೈಗೆ ಸಿಕ್ಕುತ್ತಿತ್ತು. ಅದನ್ನು ಜನರು ಜ್ವರಗಡ್ಡೆಯೆಂದು ಕರೆದರು. ಕೆಲವರು ಇದನ್ನು ನೀರಿನ ದೋಷವೆಂದರು, ಕೆಲವರು ಕಾಡಿನ ಕೆಟ್ಟ ಗಾಳಿಯೆಂದರು, ಮತ್ತೆ ಕೆಲವರು ಭೂತದ ಕಾಟವೆಂದು ಹರಕೆ ಹೊತ್ತರು. ಮಲೇರಿಯಾ ಎಂಬ ಇಟಲಿಯ ಮಾತಿಗೂ ಕೆಟ್ಟ ಗಾಳಿಯೆಂದೇ ಅರ್ಥ.

1880ರಲ್ಲಿ ಫ್ರೆಂಚ್ ವೈದ್ಯನಾದ ಲಾವೆರಾನನು ರೋಗಿಯ ರಕ್ತದಲ್ಲಿ ಕ್ರಿಮಿಯನ್ನು ಕಂಡನು. 1895ರಲ್ಲಿ ಬೆಂಗಳೂರಿನ ನೈರ್ಮಲ್ಯದ ಕೆಲಸಕ್ಕೆ ಕೆಲಕಾಲ ಬಂದಿದ್ದ ರೊನಾಲ್ಡ್ ರಾಸ್ ಎಂಬ ಸೇನಾವೈದ್ಯನು, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಆ ಕ್ರಿಮಿಯನ್ನು ಸೂಕ್ಷ್ಮದರ್ಶಕದ ಮೂಲಕ ನೋಡಿದನು. ಗಾಳಿಯ ಮೇಲಿದ್ದ ಅಪವಾದವು ಅಂದಿಗೆ ಸೊಳ್ಳೆಯ ಮೇಲೆ ಬಂದಿತು. ಮಲೆನಾಡಿನಲ್ಲಿ ಈ ರೋಗವನ್ನು ಹರಡುವ ಮುಖ್ಯ ಸೊಳ್ಳೆಯು ಫ್ಲುವಿಯಾಟಿಲಿಸ್ ಎಂಬ ಜಾತಿಯ ಅನಾಫಿಲಿಸ್. ಇದು ಕೊಳಚೆಯಲ್ಲಿ ಹುಟ್ಟುವುದಲ್ಲ. ಹರಿಯುವ ತಿಳಿನೀರಿನ ಹಳ್ಳಗಳ ಅಂಚಿನಲ್ಲಿ, ಹುಲ್ಲಿನ ನೆರಳಿನಲ್ಲಿ ಇದು ಮೊಟ್ಟೆಯಿಡುತ್ತದೆ. ಸಿರಿಮನೆಯಂಥ ಊರುಗಳ ಸುತ್ತಲೂ ಅಂಥ ಹಳ್ಳಗಳಿಗೆ ಕೊರತೆಯೇನು? ಮನೆಯಂಗಳವನ್ನು ಎಷ್ಟು ಶುಚಿಯಾಗಿಟ್ಟರೂ ಮಲೆನಾಡಿಗನಿಗೆ ಜ್ವರ ತಪ್ಪದಿದ್ದುದಕ್ಕೆ ಕಾರಣವು ಇದೇ.

ಈ ರೋಗಕ್ಕೆ ಮದ್ದು ಸಿಂಕೋನಾ ಮರದ ತೊಗಟೆಯಿಂದ 1820ರಲ್ಲಿ ಬೇರ್ಪಡಿಸಿದ ಕ್ವಿನೈನು. ಮೈಸೂರು ಸಂಸ್ಥಾನದ ಸರ್ಕಾರವು ಮಲೆನಾಡಿನ ಕ್ಷೀಣದಶೆಯನ್ನು ಕಂಡು ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮಲೆನಾಡು ಸುಧಾರಣೆಯ ಕಾರ್ಯವನ್ನು ಕೈಗೊಂಡಿತು. ಕ್ವಿನೈನು ಹಂಚುವುದೂ ಊರಿನ ಸುತ್ತಲ ಪೊದೆ ಸವರುವುದೂ ಅಂದಿನ ಉಪಾಯಗಳು. 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಪಾಠಶಾಲೆಯೂ, 1913ರಲ್ಲಿ ನಂಜನಗೂಡಿನಲ್ಲಿ ಬಿ. ವಿ. ಪಂಡಿತರ ಸದ್ವೈದ್ಯಶಾಲೆಯೂ ಸ್ಥಾಪಿತವಾಗಿ ದೇಶೀಯ ವೈದ್ಯಕ್ಕೂ ಆಶ್ರಯ ದೊರೆಯಿತು.

ಕ್ವಿನೈನು ಕಹಿ. ಕಿವಿಯಲ್ಲಿ ಗುಂಯ್ ಎನಿಸುತ್ತದೆ. ಅದು ಉಷ್ಣವೆಂದು ಜನರು ಅಂಜಿದರು. ಜ್ವರ ಬಿಟ್ಟೊಡನೆ ಮದ್ದನ್ನೂ ಬಿಟ್ಟರು. ಅದರಿಂದ ಜ್ವರವು ಮರುಕಳಿಸಿತು. ಇದರಲ್ಲಿ ರೋಗಿಯ ತಪ್ಪೊಂದೇ ಇರಲಿಲ್ಲ. ತೃತೀಯಕ ಜ್ವರದ ಕ್ರಿಮಿಯು ಯಕೃತ್ತಿನಲ್ಲಿ ಅಡಗಿ ಮಲಗಿದ್ದು ತಿಂಗಳುಗಳ ಮೇಲೆ ಎದ್ದು ಬರುತ್ತದೆ. ಕ್ವಿನೈನಿಗೆ ಅದನ್ನು ಕೊಲ್ಲುವ ಶಕ್ತಿಯಿಲ್ಲ. ಈಗ ಅದಕ್ಕೆಂದೇ ಪ್ರೈಮಾಕ್ವಿನ್ ಎಂಬ ಮಾತ್ರೆಯನ್ನು 14 ದಿನ ಕೊಡುತ್ತಾರೆ. ಎರಡನೆಯ ದಿನಕ್ಕೇ ಜ್ವರ ಬಿಟ್ಟಿತೆಂದು ಮಾತ್ರೆಯನ್ನು ನಿಲ್ಲಿಸತಕ್ಕದ್ದಲ್ಲ.

ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಬಂದಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಆರಂಭವಾಗಿ ಮನೆಮನೆಯ ಗೋಡೆಗೆ ಔಷಧ ಸಿಂಪಡಿಸಲಾಯಿತು. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿಯಷ್ಟಿದ್ದ ರೋಗಿಗಳ ಸಂಖ್ಯೆಯು 1965ರ ವೇಳೆಗೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಬಳಿಕ ಜನರೂ ಸರ್ಕಾರವೂ ಮೈಮರೆತುದರಿಂದಲೂ, ಸೊಳ್ಳೆಗಳು ಔಷಧಕ್ಕೆ ಒಗ್ಗಿಕೊಂಡುದರಿಂದಲೂ 1976ರಲ್ಲಿ ಅದು 64 ಲಕ್ಷಕ್ಕೆ ಏರಿತೆಂಬುದನ್ನೂ ಮರೆಯಲಾಗದು. ಮಲೆನಾಡಿನ ಮಟ್ಟಿಗೆ ಜ್ವರಗಡ್ಡೆಯು ಈಗ ವೃದ್ಧರ ಬಾಯಿಯ ಮಾತಾಗಿ ಉಳಿದಿದೆ.

ಮಂಗನ ಕಾಯಿಲೆ

ಚಳಿಜ್ವರವು ಹಿಂಜರಿಯುತ್ತಿದ್ದ ಕಾಲದಲ್ಲಿಯೇ ಮತ್ತೊಂದು ಜ್ವರವು ತಲೆಯೆತ್ತಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಕಾಡಿಗೆ ಹೋದ ಜನರಿಗೂ ಜ್ವರ ಬಂದಿತು. ಮಂಗಗಳೂ ಸಾಯುತ್ತಿದ್ದುದರಿಂದ ಆಫ್ರಿಕಾ ಅಮೆರಿಕಾ ಖಂಡಗಳ ಹಳದಿ ಜ್ವರವೇ ಭಾರತಕ್ಕೆ ಬಂದಿತೋ ಎಂಬ ಭೀತಿಯುಂಟಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಡಾಕ್ಟರ್ ಟೆಲ್ಫೋರ್ಡ್ ವರ್ಕ್ ಮತ್ತು ಅವರ ಸಹೋದ್ಯೋಗಿಗಳು ಬಂದು ಪರೀಕ್ಷಿಸಿ, ಇದು ಹಳದಿ ಜ್ವರವಲ್ಲವೆಂದೂ, ರಷ್ಯಾ ದೇಶದ ಉಣ್ಣೆಜ್ವರಗಳ ಗುಂಪಿಗೆ ಸೇರಿದ ಹೊಸ ವೈರಸ್ಸೆಂದೂ ನಿರ್ಧರಿಸಿದರು. ಕಾಡಿನ ಹೆಸರೇ ರೋಗಕ್ಕೂ ಬಂದಿತು.

ಇದು ಸೊಳ್ಳೆಯಿಂದಲ್ಲ, ಕಾಡಿನ ಉಣ್ಣೆ ಅಥವಾ ಉಣುಗಿನಿಂದ ಬರತಕ್ಕದ್ದು. ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳ ಪರ್ಯಂತ, ತರಗೆಲೆಗಳಲ್ಲಿ ಎಳೆಯ ಉಣ್ಣೆಗಳು ತುಂಬಿರುವಾಗ, ಸೊಪ್ಪು ಸೌದೆಗೆ ಹೋದವರಿಗೂ ದನ ಕಾಯುವವರಿಗೂ ತಗಲುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಏಕಾಏಕಿ ಜ್ವರ, ಹಣೆಯ ನೋವು, ಎದ್ದು ನಿಲ್ಲಲಾರದಷ್ಟು ಮೈಕೈ ನೋವು, ವಾಂತಿ ಕಾಣಿಸುತ್ತವೆ. ಕೆಲವರಿಗೆ ಮೂಗು ಒಸಡುಗಳಿಂದ ರಕ್ತ ಬರುತ್ತದೆ. ಕೆಲವರಲ್ಲಿ ಜ್ವರ ಇಳಿದು ಒಂದೆರಡು ವಾರಗಳ ಮೇಲೆ ಮರಳಿ ಬಂದು ಮೆದುಳನ್ನು ಬಾಧಿಸುತ್ತದೆ. ನೂರರಲ್ಲಿ ಮೂವರಿಂದ ಐವರು ಸಾಯುವರೆಂದು ಲೆಕ್ಕ. ಇದಕ್ಕೆ ಲಸಿಕೆಯೊಂದನ್ನು 1990ರ ಸುಮಾರಿನಿಂದ ಹಾಕುತ್ತಿದ್ದರು. ಅದರ ಗುಣವು ಸಾಲದೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಕಡೆಯಲ್ಲಿ ಈ ರೋಗವು ಬಹು ಜನರನ್ನು ಪೀಡಿಸಿತು. 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿಯೂ ಕಾಣಿಸಿಕೊಂಡಿತು. ಆದುದರಿಂದ ಇದು ಪರಸ್ಥಳದ ಸುದ್ದಿಯಲ್ಲ, ಮನೆಯ ಹಿತ್ತಿಲಿನ ಸಂಗತಿ.

ಈ ವೈರಸ್ಸನ್ನು ಕೊಲ್ಲುವ ನಿಶ್ಚಿತವಾದ ಮದ್ದು ಇಲ್ಲ. ಮೊದಲೇ ಗುರುತಿಸಿ, ಆಸ್ಪತ್ರೆಯಲ್ಲಿಟ್ಟು, ಮೈಯ ನೀರನ್ನು ಕಾಪಾಡಿ, ರಕ್ತಸ್ರಾವವನ್ನು ನೋಡಿಕೊಳ್ಳುವುದೇ ಚಿಕಿತ್ಸೆ. ಮೈನೋವೆಂದು ಆಸ್ಪಿರಿನ್ನಿನಂಥ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿದರೆ ರಕ್ತಸ್ರಾವವು ಹೆಚ್ಚಬಹುದು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ತೈಲವನ್ನು ಹಚ್ಚಿಕೊಂಡು, ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯತಕ್ಕದ್ದು. ಸತ್ತ ಮಂಗವನ್ನು ಕಂಡರೆ ಭಕ್ತಿಯಿಂದಾಗಲಿ ಕುತೂಹಲದಿಂದಾಗಲಿ ಮುಟ್ಟದೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸತಕ್ಕದ್ದು. ಏಕೆಂದರೆ ಸತ್ತ ಮಂಗದ ಮೈಯಿಂದ ಉದುರಿದ ಉಣ್ಣೆಗಳು ಆ ನೆಲದಲ್ಲಿಯೇ ಹರಡಿರುತ್ತವೆ.

ಒಂದೇ ಹೆಸರು, ಅನೇಕ ರೋಗಗಳು

ಇಂದು ಮಲೆನಾಡಿನ ಹಳ್ಳಿಯಲ್ಲಿ ಜ್ವರವೆಂದು ಮಲಗಿದವನ ಮುಂದೆ ವೈದ್ಯನು ಅನೇಕ ಶಂಕೆಗಳನ್ನು ಇಟ್ಟುಕೊಳ್ಳಬೇಕಾಗಿದೆ. ಕೆಸರುಗದ್ದೆಯಲ್ಲಿ ದುಡಿದವನಿಗೆ ಮೀನಖಂಡದ ನೋವು, ಕೆಂಪು ಕಣ್ಣು, ಕಾಮಾಲೆ, ಮೂತ್ರ ಕಡಮೆಯಾಗುವುದು ಇದ್ದರೆ ಇಲಿಜ್ವರ. ಮೈಯಲ್ಲಿ ಎಲ್ಲಿಯಾದರೂ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆಯಿದ್ದರೆ ಪೊದೆಯ ನುಸಿಯಿಂದ ಬರುವ ಸ್ಕ್ರಬ್ ಟೈಫಸ್. ಕಣ್ಣಿನ ಹಿಂಭಾಗದ ನೋವೂ ಮೈಮೇಲೆ ಕೆಂಪು ಗಂಧೆಗಳೂ ಇದ್ದರೆ ಡೆಂಗೆ. ಮೊದಲಿನ ಎರಡಕ್ಕೆ ಡಾಕ್ಸಿಸೈಕ್ಲಿನ್ ಮೊದಲಾದ ಸುಲಭವಾದ ಔಷಧಗಳುಂಟು, ಆದರೆ ತಡವಾದರೆ ಅವು ಕೈಗೂಡವು. ಡೆಂಗೆಗೂ ಮಂಗನ ಕಾಯಿಲೆಗೂ ಅವು ಕೆಲಸಕ್ಕೆ ಬಾರವು. ಆದಕಾರಣ ರಕ್ತಪರೀಕ್ಷೆಯಿಲ್ಲದೆ ಜ್ವರಕ್ಕೆ ಹೆಸರಿಡುವುದು ಈ ಕಾಲದಲ್ಲಿ ಸಲ್ಲದು.

ಹಳೆಯ ವಿದ್ಯೆಯು ಇದರಿಂದ ನಿಷ್ಫಲವಾಯಿತೆಂದು ತಿಳಿಯಲಾಗದು. ಚೀನಾ ದೇಶದ ತು ಯೂಯೂ ಎಂಬ ವಿದುಷಿಯು ಸಾವಿರದಾರುನೂರು ವರ್ಷಗಳ ಹಿಂದಿನ ವೈದ್ಯಗ್ರಂಥದ ಒಂದು ಸೂಚನೆಯನ್ನು ಹಿಡಿದು, 1970ರ ದಶಕದಲ್ಲಿ ಒಂದು ಗಿಡದಿಂದ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಮದ್ದನ್ನು ಪಡೆದು 2015ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರಳಾದಳು. ಆಕೆಯು ಗ್ರಂಥವನ್ನು ಗೌರವಿಸಿದಳು, ಜೊತೆಗೆ ಪರೀಕ್ಷೆಗೂ ಒಳಪಡಿಸಿದಳು. ನಮ್ಮ ನೆಲಬೇವು, ಹಾಲೆ, ಕೊಡಸಿಗಗಳಿಗೂ ಇದೇ ಮರ್ಯಾದೆಯು ಸಲ್ಲಬೇಕಾದದ್ದು.

ದೇಹವನ್ನು ಲಿಂಗಕ್ಕೆ ನೆಲೆಯೆಂದು ಭಾವಿಸುವ ಭಕ್ತರಿಗೆ ಅದರ ರಕ್ಷಣೆಯೂ ಕಾಯಕದ ಒಂದು ಅಂಗವೇ ಸರಿ. ಒಂದು ದಿನದ ನೆಗಡಿಗೆ ಅಜ್ಜಿಯ ಕಷಾಯವು ಸಾಕು. ಎರಡು ದಿನ ಕಳೆದರೂ ಇಳಿಯದ ಜ್ವರ, ಚಳಿಯೊಡನೆ ಬರುವ ಜ್ವರ, ಕಾಡು ಗದ್ದೆಗಳಿಗೆ ಹೋಗಿ ಬಂದ ಮೇಲಿನ ಜ್ವರ ಇವುಗಳಿಗೆ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯಾಗಬೇಕು. ರಕ್ತಸ್ರಾವ, ಮಂಪರು, ಉಸಿರಾಟದ ಕಷ್ಟ, ಮೂತ್ರ ಕಟ್ಟುವುದು, ಮಗುವು ಹಾಲು ಬಿಡುವುದು ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ರೋಗಿಯನ್ನು ಹೊರಡಿಸತಕ್ಕದ್ದು. ಹಳ್ಳಿಯ ಆಶಾ ಕಾರ್ಯಕರ್ತೆಯಿಂದ ತಾಲ್ಲೂಕು ಆಸ್ಪತ್ರೆಯವರೆಗೆ ಇದಕ್ಕೆ ಈಗ ದಾರಿಯಿದೆ. ಹಿಂದಿನವರು ಜ್ವರಕ್ಕೆ ಅಂಜಿ ಮನೆ ತೋಟಗಳನ್ನು ಬಿಟ್ಟು ಹೋಗಬೇಕಾಗಿತ್ತು. ಈಗಿನವರು ತಮ್ಮ ನೆಲದಲ್ಲಿಯೇ ನಿಂತು ಬಾಳಬಹುದಾದ ಅನುಕೂಲವು ಒದಗಿದೆ. ಅದನ್ನು ಸಕಾಲದಲ್ಲಿ ಉಪಯೋಗಿಸಿಕೊಂಡು ಭಕ್ತರೆಲ್ಲರೂ ಆಯುರಾರೋಗ್ಯವಂತರಾಗಿ ಬಾಳುವಂತಾಗಲಿ.